ಬೂದಿ ಮುಷ್ಟಿಯಲ್ಲಿ ಉಂಡೆ ಕಟ್ಟಬೇಕು

ಕಲ್ಲಿದ್ದಲ ಬೂದಿ ಹೂಳುವ ಜಾಗದಲ್ಲಿ ನನ್ನ ಮೊದಲ ಪರೀಕ್ಷೆಗೆ ಯಂತ್ರ ಬೇಕಿಲ್ಲ. ಕೈಗವಸು, ಮಾಸ್ಕ್ ಹಾಕಿಕೊಂಡು ಡಂಪರ್ ಸುರಿದ ಹಾರುಬೂದಿಯನ್ನು (ಹೊಗೆಯಿಂದ ಹಿಡಿದ ನುಣ್ಣನೆ ಬೂದಿ) ಒಂದು ಹಿಡಿ ತೆಗೆದು ಅದುಮುತ್ತೇನೆ. ಉಂಡೆ ಕಟ್ಟಿ ನಿಂತರೆ ಸರಿ. ಉದುರಿ ಹಾರಿದರೆ ನೀರು ಸಾಲದು, ಬೆರಳ ಸಂದಿಯಲ್ಲಿ ಜಿನುಗಿದರೆ ಹೆಚ್ಚಾಯಿತು. ಪಕ್ಕಾ ಲೆಕ್ಕ ಹೇಳಬೇಕಾದ್ದು ಪ್ರಾಕ್ಟರ್ ಪರೀಕ್ಷೆಯೇ, ಅಂದರೆ ಎಷ್ಟು ನೀರಿದ್ದರೆ ಅತಿ ಗಟ್ಟಿಯಾಗಿ ಅದುಮಬಹುದು ಎಂದು ಲ್ಯಾಬಿನಲ್ಲಿ ಅಳೆಯುವುದು. ಆದರೆ ಲ್ಯಾಬಿನ ವರದಿ ಬರುವಷ್ಟರಲ್ಲಿ ಹತ್ತು ಲೋಡ್ ಬಿದ್ದಿರುತ್ತದೆ.

ಇದಕ್ಕೆ ಮೊದಲು ತಳ ಆಗಿರಬೇಕು. ಬೂದಿಯಲ್ಲಿರುವ ಆರ್ಸೆನಿಕ್, ಸೆಲೆನಿಯಂ, ಬೋರಾನ್ ನೀರಿನ ಜೊತೆ ಕೆಳಗಿಳಿಯುತ್ತವೆ. ಅಮೆರಿಕದ 2015ರ ನಿಯಮ ನನಗೆ ಒಳ್ಳೆ ಅಳತೆಗೋಲು: ಕನಿಷ್ಠ 60 ಸೆಂ.ಮೀ. ಅದುಮಿದ ಜೇಡಿಮಣ್ಣು, ಅದರಲ್ಲಿ ನೀರು ಇಳಿಯುವ ವೇಗ ಸೆಕೆಂಡಿಗೆ ಸೆಂಟಿಮೀಟರಿನ ಕೋಟಿಯಲ್ಲೊಂದು ಪಾಲು ಮೀರಬಾರದು. ಅದರ ಮೈಗೆ ಅಂಟಿದಂತೆ ಪ್ಲಾಸ್ಟಿಕ್ ಹಾಳೆ. ಹಾಳೆಯ ಮೇಲೆ ಸೋರುನೀರು 30 ಸೆಂ.ಮೀ. ದಾಟದಂತೆ ಹೊರಗೆಳೆಯುವ ಪೈಪು. ಹಾಳೆಯ ಬೆಸುಗೆಯನ್ನು ಇಂಚಿಂಚೂ ಪರೀಕ್ಷಿಸಿ. ಮೇಲೆ ಬೂದಿ ಬಿದ್ದಮೇಲೆ ಆ ತೂತು ಯಾರಿಗೂ ಕಾಣುವುದಿಲ್ಲ.

ಬೂದಿಯನ್ನು 30 ಸೆಂ.ಮೀ. ಪದರವಾಗಿ ಹರಡಿ ರೋಲರ್ ಓಡಿಸಿ. ಮೊದಲ ವರ್ಷ ನಾನು ಆತುರಕ್ಕೆ ಬಿದ್ದು ದುಪ್ಪಟ್ಟು ದಪ್ಪ ಹಾಕಿಸಿದ್ದೆ. ಮೇಲ್ಮೈ ಕಾಲಿಗೆ ಕಲ್ಲಿನಂತಿತ್ತು, ಒಳಗೆ ಬರೀ ಹಿಟ್ಟು. ಹಾರುಬೂದಿಯ ಕಣಗಳೆಂದರೆ ಗಾಜಿನ ಪುಟಾಣಿ ಗೋಲಿಗಳು, ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ. ಒಂದೇ ಮಳೆಗೆ ಇಳಿಜಾರಿನಲ್ಲಿ ಆಳುದ್ದ ಕೊರಕಲು. ಇನ್ನು ನೀರಲ್ಲಿ ಕಲಸಿ ಕೊಳಕ್ಕೆ ಬಿಡುವ ಯೋಚನೆ ಇದ್ದರೆ, ಅಮೆರಿಕದ ಟೆನೆಸ್ಸಿಯ ಕಿಂಗ್‌ಸ್ಟನ್ ವಿದ್ಯುತ್ ಸ್ಥಾವರದಲ್ಲಿ 2008ರ ಡಿಸೆಂಬರ್ 22ರಂದು ಏರಿ ಒಡೆದು ಸುಮಾರು 41 ಲಕ್ಷ ಘನ ಮೀಟರ್ ಒದ್ದೆ ಬೂದಿ ನುಗ್ಗಿದ್ದನ್ನು ನೆನೆಯಿರಿ.

ಹೊಗೆಯ ಗಂಧಕ ತೊಳೆಯುವ ಸ್ಕ್ರಬ್ಬರಿನ ಕಸ ಎರಡು ಥರ. ಗಾಳಿ ಊದಿ ಮಾಡಿದ ಜಿಪ್ಸಂ ಸಾಧು, ಸೋಸಿದರೆ ನೀರು ಬಿಡುತ್ತದೆ. ಕ್ಯಾಲ್ಸಿಯಂ ಸಲ್ಫೈಟ್ ಕೆಸರು ಮಾತ್ರ ಮೋಸಗಾರ: ತುಂಬುವಾಗ ಗಟ್ಟಿ, ಲಾರಿಯ ಕುಲುಕಾಟಕ್ಕೆ ಮತ್ತೆ ನೀರುನೀರು. ಒಣ ಹಾರುಬೂದಿ, ಸುಣ್ಣ ಬೆರೆಸಿ, ಬಿಗಿಯುವ ತನಕ ಬಿಟ್ಟು ಆಮೇಲೆ ಹಾಕಿ. ಜಿಪ್ಸಂ ಇರುವಲ್ಲಿ ಕೊಳೆಯುವ ಕಸ ಸೇರಿಸಲೇಬೇಡಿ. ಗಾಳಿಯಾಡದ ತೇವದಲ್ಲಿ ಬ್ಯಾಕ್ಟೀರಿಯಾಗಳು ಜಿಪ್ಸಂನಿಂದ ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ ಹೆಚ್ಚಾದರೆ ಮೂಗನ್ನೇ ಮರಗಟ್ಟಿಸಿ ಪ್ರಾಣ ತೆಗೆಯುತ್ತದೆ.

ಸುತ್ತಲಿನ ಪರೀಕ್ಷಾ ಬಾವಿಗಳ ವರದಿಯಲ್ಲಿ ನಾನು ಮೊದಲು ನೋಡುವುದು ಬೋರಾನ್ ಮತ್ತು ಸಲ್ಫೇಟ್. ಇವು ಮಣ್ಣಿಗೆ ಅಷ್ಟಾಗಿ ಅಂಟದೆ ನೀರಿನೊಂದಿಗೇ ಓಡುತ್ತವೆ, ಆರ್ಸೆನಿಕ್ ಸಾಮಾನ್ಯವಾಗಿ ಹಿಂದೆ ಬರುತ್ತದೆ. ಬಾವಿ ತೋಡಿಸಿ ಮೊದಲ ಲೋಡ್ ಬೀಳುವ ಮುಂಚೆಯೇ ಹಲವು ಸಲ ನೀರು ತೆಗೆದು ಪರೀಕ್ಷಿಸಿಡಿ. ಆ ಹಳೆಯ ಅಂಕಿ ಕೈಲಿಲ್ಲದಿದ್ದರೆ ಏರಿದ್ದು ಬೂದಿಯಿಂದಲೋ ನೆಲದ್ದೇ ಗುಣವೋ ಎಂಬ ಜಗಳ ವರ್ಷಗಟ್ಟಲೆ ಮುಗಿಯುವುದಿಲ್ಲ.