ಚೆಕ್ಕುಬಂದಿ ಓದುವಾಗ ಬರುವ ಸದ್ದು

ದಾವಣಗೆರೆಯಲ್ಲಿ ನಾನು ದಸ್ತಾವೇಜು ಬರಹಗಾರನಾಗಿ ಕೆಲಸ ಹಿಡಿದು ಹದಿನೆಂಟು ವರ್ಷಗಳಾದವು. ಕ್ರಯಪತ್ರವಿರಲಿ, ದಾನಪತ್ರವಿರಲಿ, ಸಹಿಗೆ ಮೊದಲು ಎರಡೂ ಕಡೆಯವರನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳುವುದು ನನ್ನ ಪದ್ಧತಿ. ಅಕ್ಷರ ಬಾರದ ಹಿರಿಯರಿಗೆ ಆ ಓದೇ ಪತ್ರ. ಏಳನೆಯ ವಯಸ್ಸಿನಿಂದ ನನಗೆ ಟಿಕ್ಸ್ ಇದೆ, ಅಂದರೆ ಬೇಡವೆಂದರೂ ಮತ್ತೆ ಮತ್ತೆ ಬರುವ ಚಲನೆ ಮತ್ತು ಸದ್ದು. ಎಡಭುಜ ತಟ್ಟನೆ ಮೇಲೇಳುತ್ತದೆ, ಕಣ್ಣು ಬಿಗಿಯಾಗಿ ಮುಚ್ಚಿ ತೆರೆಯುತ್ತದೆ, ಗಂಟಲಿನಿಂದ ಕೆಮ್ಮಿಗೂ ಹೂಂಕಾರಕ್ಕೂ ನಡುವಿನ ಒಂದು ಸದ್ದು ಹೊರಡುತ್ತದೆ.

ಆರು ವರ್ಷಗಳ ಹಿಂದೆ ಎರಡು ಎಕರೆ ಮೆಕ್ಕೆಜೋಳದ ಹೊಲದ ಕ್ರಯಪತ್ರವನ್ನು ಓದುತ್ತಿದ್ದೆ. ಕೊಳ್ಳುವವರ ಕಡೆಯಿಂದ ಏಳೆಂಟು ಜನ ಮೇಜಿನ ಸುತ್ತ ನಿಂತಿದ್ದರು. ಚೆಕ್ಕುಬಂದಿಯಲ್ಲಿ, ಅಂದರೆ ಹೊಲದ ನಾಲ್ಕು ದಿಕ್ಕಿನ ಗಡಿಗಳ ವಿವರದಲ್ಲಿ, ಪೂರ್ವ, ಪಶ್ಚಿಮ ಮುಗಿಸಿ "ಉತ್ತರಕ್ಕೆ" ಎನ್ನುವಷ್ಟರಲ್ಲಿ ಗಂಟಲು ಸದ್ದು ಮಾಡಿತು. ಮತ್ತೆ "ಉತ್ತರಕ್ಕೆ" ಎಂದೆ, ಮತ್ತೆ ಸದ್ದು, ಜೊತೆಗೆ ಭುಜವೂ ಎದ್ದಿತು. ಕೊಳ್ಳುವವರು ಓದನ್ನು ತಡೆದು, "ಯಾಕ್ರೀ, ಉತ್ತರದ ಕಡೆ ಏನಾರ ತೊಡಕೈತೇನು? ಇದ್ರೆ ಬಾಯಿಬಿಟ್ಟು ಹೇಳ್ರಿ" ಎಂದರು. ತೊಡಕೇನೂ ಇರಲಿಲ್ಲ. ನಿಜವಾದ ಕಾರಣ ಹೇಳಲು ನಾಲಿಗೆ ಏಳದೆ ನೆಗಡಿ ಎಂದೆ. ಅವರು ನಂಬಲಿಲ್ಲ, ವಕೀಲರಿಗೆ ತೋರಿಸಿಕೊಂಡು ಬರುತ್ತೇವೆಂದು ಎದ್ದು ಹೋದರು. ಮೊಮ್ಮಗಳ ಮದುವೆಗೆಂದು ಹೊಲ ಮಾರುತ್ತಿದ್ದ ಅಜ್ಜ ಒಂದು ವಾರ ಕಾಯಬೇಕಾಯಿತು. ನನ್ನ ಗಂಟಲಿನ ಸದ್ದಿನಿಂದ ಇನ್ನೊಬ್ಬರ ಹೊಲದ ಮೇಲೆ ಅನುಮಾನ ಬಿದ್ದಿತಲ್ಲ ಎಂಬ ಸಂಕಟವೇ ನನ್ನನ್ನು ವೈದ್ಯರ ಬಳಿಗೆ ಕರೆದೊಯ್ದಿತು.

ಅಲ್ಲಿಯವರೆಗೆ ಮನೆಯಲ್ಲಿ ಇದಕ್ಕಿದ್ದ ಹೆಸರು ಚಟ. ಅವ್ವ ತಾಯತ ಕಟ್ಟಿಸಿದ್ದಳು. ಶಾಲೆಯಲ್ಲಿ ಅಣಕಿಸುತ್ತೀಯಾ ಎಂದು ಏಟು ಬಿದ್ದಿದ್ದವು. ಮನೋವೈದ್ಯರು ನನ್ನ ಬಾಲ್ಯದಿಂದ ಎಲ್ಲವನ್ನೂ ಕೇಳಿ ತಿಳಿದು, ಇದು ಟುರೆಟ್ ಸಿಂಡ್ರೋಮ್ ಎಂದರು. ಹಲವು ಬಗೆಯ ಚಲನೆಯ ಟಿಕ್ಸ್ ಮತ್ತು ಕನಿಷ್ಠ ಒಂದು ಸದ್ದಿನ ಟಿಕ್ ಹದಿನೆಂಟು ತುಂಬುವ ಮೊದಲೇ ಕಾಣಿಸಿಕೊಂಡು ಒಂದು ವರ್ಷಕ್ಕೂ ಮೀರಿ ಉಳಿದರೆ ಆ ಹೆಸರು. ಫ್ರಾನ್ಸಿನ ಗಿಲ್ ದ ಲಾ ಟುರೆಟ್ ಎಂಬ ವೈದ್ಯ 1885ರಲ್ಲಿ ಒಂಬತ್ತು ರೋಗಿಗಳ ವಿವರ ಬರೆದಿದ್ದರಿಂದ ಆತನ ಹೆಸರು ಅಂಟಿಕೊಂಡಿದೆ. ಹೆಚ್ಚಿನ ಮಕ್ಕಳಲ್ಲಿ ಹತ್ತು ಹನ್ನೆರಡರ ಹೊತ್ತಿಗೆ ಟಿಕ್ಸ್ ತಾರಕಕ್ಕೇರಿ ಯೌವನದಲ್ಲಿ ಇಳಿಯುತ್ತದೆ, ಕೆಲವರಲ್ಲಿ ಉಳಿಯುತ್ತದೆ. ನಾನು ಉಳಿದವರ ಸಾಲಿನವನು. ಹೆದರಿಕೆಯಿಂದ ಬಂದಿದೆಯೇ ಎಂದು ಕೇಳಿದ್ದಕ್ಕೆ, ಮೂಲ ಇರುವುದು ಮೆದುಳಿನಲ್ಲಿ ಚಲನೆಯನ್ನು ನಿಯಂತ್ರಿಸುವ ಜಾಲದಲ್ಲಿ, ಅದರಲ್ಲಿ ವಂಶವಾಹಿಯ ಪಾತ್ರ ದೊಡ್ಡದು, ಆತಂಕ ಅದನ್ನು ಹುಟ್ಟಿಸುವುದಿಲ್ಲ, ಆದರೆ ಹೆಚ್ಚಿಸುತ್ತದೆ ಎಂದು ವಿವರಿಸಿದರು.

ಎಷ್ಟು ಹೆಚ್ಚಿಸುತ್ತದೆ ಎಂಬುದನ್ನು ನಾನೇ ಕಂಡುಕೊಂಡೆ. ಮೂರು ವಾರ ಡೈರಿಯಲ್ಲಿ ಹೊತ್ತು, ಜಾಗ, ಎದುರಿಗಿದ್ದವರು ಮತ್ತು ಟಿಕ್ಸ್ ಎಷ್ಟು ಸಲ ಬಂತೆಂಬ ಲೆಕ್ಕ ಬರೆದಿಟ್ಟೆ. ಹಳೆಯ ಮೂಲಪತ್ರಗಳನ್ನು ಒಬ್ಬನೇ ಕುಳಿತು ತಾಳೆ ನೋಡುವಾಗ ಅರ್ಧ ಗಂಟೆಗೆ ಎರಡು ಮೂರು ಗೀಟುಗಳಿದ್ದರೆ, ಜನರೆದುರು ಓದುವ ಹತ್ತು ನಿಮಿಷದಲ್ಲಿ ಮೂವತ್ತು ದಾಟುತ್ತಿದ್ದವು. ನನಗೆ ಹೆಚ್ಚು ಅಚ್ಚರಿ ತಂದದ್ದು ಬೇರೊಂದು ಸಾಲು: ಓದು ಆರಂಭವಾಗುವ ಮೊದಲು, ಪಕ್ಷಗಾರರು ಇನ್ನೂ ಚಹಾದಂಗಡಿಯಲ್ಲಿ ಇರುವಾಗಲೇ, ಎಣಿಕೆ ಏರತೊಡಗುತ್ತಿತ್ತು. ಯಾರೂ ನೋಡುತ್ತಿರಲಿಲ್ಲ, ನೋಡಲಿದ್ದಾರೆ ಎಂಬ ಯೋಚನೆಯೇ ಸಾಕಾಗುತ್ತಿತ್ತು.

ಟಿಕ್‌ಗೆ ಮೊದಲು ಒಂದು ತುಡಿತ ಬರುತ್ತದೆ. ಸೀನು ಬರುವ ಮುನ್ನ ಮೂಗಿನಲ್ಲಾಗುವ ಕಚಗುಳಿಯಂತೆ, ನನಗೆ ಭುಜದ ಕೀಲಿನಲ್ಲಿ ಏನೋ ಸರಿಯಾಗಿ ಕೂತಿಲ್ಲ ಎಂಬಂಥ ಬಿಗಿತ. ಭುಜ ಎತ್ತಿದರೆ ಒಂದು ಕ್ಷಣ ನೆಮ್ಮದಿ, ಮತ್ತೆ ಬಿಗಿತ. ಈಗ ಬರುತ್ತದೋ ಎಂದು ಹೆದರಿದಾಗ ಗಮನವೆಲ್ಲ ಆ ಕೀಲಿಗೆ ಹೋಗುತ್ತದೆ, ಗಮನ ಹೋದಂತೆ ತುಡಿತ ಬಲಿಯುತ್ತದೆ, ಭುಜ ಏಳುತ್ತದೆ, ಯಾರೋ ನೋಡುತ್ತಾರೆ, ಹೆದರಿಕೆ ಇನ್ನಷ್ಟಾಗುತ್ತದೆ. ಟಿಕ್ಸ್ ಬಗ್ಗೆ ಮಾತನಾಡಿದರೂ ಹೆಚ್ಚಾಗುವುದುಂಟು. ಈ ಪ್ಯಾರಾ ಬರೆಯುವಾಗ ನನ್ನ ಭುಜ ನಾಲ್ಕು ಸಲ ಎದ್ದಿತು.

ವೈದ್ಯರು ಮೊದಲು ಕ್ಲೋನಿಡಿನ್ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟರು. ಟಿಕ್ಸ್ ಸ್ವಲ್ಪ ಇಳಿಯಿತು, ಆದರೆ ಬಾಯಿ ಒಣಗಿ ಮಧ್ಯಾಹ್ನವೆಲ್ಲ ತೂಕಡಿಕೆ. ಸರ್ವೆ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೂ ತಲೆಮಾರುಗಳ ವ್ಯಾಜ್ಯವಾಗುವ ಕೆಲಸದಲ್ಲಿ ತೂಕಡಿಕೆ ಸಲ್ಲದೆಂದು, ಅವರ ಸಲಹೆಯಂತೆಯೇ ಹಂತಹಂತವಾಗಿ ಬಿಟ್ಟೆ. ಈ ಮಾತ್ರೆಯನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಏರುವ ಅಪಾಯವಿದೆ.

ನನಗೆ ನಿಜವಾಗಿ ಒದಗಿದ್ದು ಅಭ್ಯಾಸದ ಚಿಕಿತ್ಸೆ. ಅಜ್ರಿನ್ ಮತ್ತು ನನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಕ್ರಮ ಅದರ ಬುನಾದಿ. 2012ರಲ್ಲಿ 16ರಿಂದ 69 ವಯಸ್ಸಿನ 122 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಅದರಿಂದ ಬೆಳೆದ ಚಿಕಿತ್ಸೆ ವಯಸ್ಕರಲ್ಲೂ ಕೆಲಸ ಮಾಡುತ್ತದೆಂದು ಕಂಡುಬಂದಿದೆ. ತುಡಿತ ಎದ್ದೊಡನೆ, ಆ ಟಿಕ್ ಜೊತೆಗೆ ಆಗಲಾರದ ಇನ್ನೊಂದು ಚಲನೆಯನ್ನು ಮಾಡಿ, ತುಡಿತ ಇಳಿಯುವವರೆಗೆ ಅಥವಾ ಒಂದು ನಿಮಿಷ ಹಿಡಿದಿಡಬೇಕು. ಭುಜಕ್ಕೆ ನಾನು ಮೊಣಕೈಯನ್ನು ಪಕ್ಕೆಗೆ ಒತ್ತಿ ಭುಜವನ್ನು ಮೆಲ್ಲಗೆ ಕೆಳಕ್ಕೆಳೆಯುತ್ತೇನೆ; ಪತ್ರದ ಹಾಳೆಯನ್ನು ಎಡಗೈಯಲ್ಲಿ ಹಿಡಿದಿರುವುದರಿಂದ ಅದು ಯಾರಿಗೂ ತಿಳಿಯುವುದಿಲ್ಲ. ಗಂಟಲಿಗೆ, ವಾಕ್ಯ ಮುಗಿದಲ್ಲಿ ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರಾಡುವುದು. ಮೊದಲ ಎರಡು ವಾರ ಏನೂ ಆಗದೆ ಕೈಬಿಡಬೇಕೆನಿಸಿತ್ತು. ಬೆಳಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ನಡೆಯುವಾಗ ಬಿಡದೆ ಮಾಡಿದೆ. ಎರಡು ತಿಂಗಳ ಹೊತ್ತಿಗೆ ಹತ್ತು ತುಡಿತಗಳಲ್ಲಿ ಐದಾರು ತಾವಾಗಿಯೇ ಇಳಿದುಹೋಗತೊಡಗಿದವು. ಬರಿದೇ ಹಲ್ಲುಕಚ್ಚಿ ತಡೆಯುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ: ತಡೆದ ದಿನ ಸಂಜೆಗೆ ನಾನು ಹಿಂಡಿದ ಬಟ್ಟೆಯಂತಾಗಿರುತ್ತಿದ್ದೆ, ಮನೆಯಾಕೆಯ ಮಾತಿಗೂ ಉತ್ತರಿಸುವ ತ್ರಾಣವಿರುತ್ತಿರಲಿಲ್ಲ.

ಆತಂಕಕ್ಕೆ ಮದ್ದು ಬೇರೆಯೇ ಇತ್ತು. ಬಚ್ಚಿಡುವ ಪ್ರಯತ್ನವೇ ನನ್ನ ಆತಂಕದ ಬಹುಪಾಲು ಎಂದು ಡೈರಿ ಹೇಳಿದ ಮೇಲೆ, ಓದುವ ಮೊದಲು ಒಂದು ಮಾತು ಹೇಳತೊಡಗಿದೆ: "ಓದುವಾಗ ನನ್ನ ಗಂಟಲಿಂದ ಸದ್ದು ಬರ್ತದ, ಭುಜ ಕುಣಿತದ. ಅದು ನರದ ತೊಂದರೆ, ಅಂಟುರೋಗ ಅಲ್ಲ. ಪತ್ರದಾಗ ಏನಾರ ತಕರಾರಿದ್ರೆ ನಾನು ಬಾಯಿಬಿಟ್ಟೇ ಹೇಳ್ತೀನಿ." ಮೊದಲ ಸಲ ಇಷ್ಟು ಹೇಳುವಷ್ಟರಲ್ಲಿ ಅಂಗಿಯ ಬೆನ್ನು ಬೆವೆತಿತ್ತು. ಎಲ್ಲರೂ ಒಳ್ಳೆಯದಾಗಿ ಕೇಳಲಿಲ್ಲ. ಒಬ್ಬರು ಬೇರೆ ಬರಹಗಾರರನ್ನು ನೋಡಿಕೊಂಡರು. ಉಳಿದವರು ತಲೆಯಾಡಿಸಿ ಪತ್ರದ ಕಡೆಗೆ ಗಮನ ಕೊಟ್ಟರು.

ಹೋದ ತಿಂಗಳು ಅಕ್ಕತಂಗಿಯರ ವಿಭಾಗಪತ್ರವೊಂದನ್ನು ಓದುವ ಮೊದಲೂ ಇದನ್ನೇ ಹೇಳಿದೆ. ಹಿರಿಯಕ್ಕ ಸೆರಗು ಸರಿಪಡಿಸಿಕೊಂಡು, "ಬಂದ್ರೆ ಬರ್ಲಿ ಬಿಡಪ್ಪ, ನಮ್ಮ ದೊಡ್ಡಪ್ಪಂಗೂ ಹಂಗೇ ಇತ್ತು. ನೀ ಓದು" ಎಂದರು. ಓದಿದೆ. ದಕ್ಷಿಣದ ಗಡಿಯಲ್ಲಿ ಎರಡು ಸಲ ಸದ್ದು ಬಂತು. ಕಿರಿಯವಳು ತಲೆಯೆತ್ತದೆ, ಬಾವಿಯ ಪಾಲು ಬರೆದಿದ್ದೀರಾ ಎಂದು ಕೇಳಿದಳು. ಬರೆದಿದ್ದ ಸಾಲನ್ನು ಇನ್ನೊಮ್ಮೆ ಓದಿ ಹೇಳಿ, ಅವರ ಸಹಿಗಳಾದ ಮೇಲೆ ಬಿಕ್ಕಲಂ ಎಂದಿರುವಲ್ಲಿ, ಪತ್ರ ಬರೆದವರ ಜಾಗದಲ್ಲಿ, ನನ್ನ ಹೆಸರು ಬರೆದೆ.