ಕಾಸರಗೋಡು–ಮಂಗಳೂರು ಟ್ರೈನಲ್ಲಿ ಪುಸ್ತಕದ ಅಂತ್ಯಾಕ್ಷರಿ: ನನ್ನ ಅನುಭವ

ನಾನು ಕಾಸರಗೋಡಿಂದ ಮಂಗಳೂರಿಗೆ ದಿನಾ ಟ್ರೈನಲ್ಲಿ ಹೋಗಿ ಬರುವವ, ಹಂಪನಕಟ್ಟೆ ಹತ್ತಿರ ಒಂದು ಆಫೀಸಲ್ಲಿ ಲೆಕ್ಕ ಬರೆಯುವ ಕೆಲಸ. ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ, ಆಮೇಲೆ ನೇತ್ರಾವತಿ ಸೇತುವೆ, ಸೆಂಟ್ರಲ್. ಹೆಚ್ಚುಕಮ್ಮಿ ಒಂದು ಗಂಟೆ. ಮೊದಲು ಈ ಒಂದು ಗಂಟೆಯಲ್ಲಿ ನಾವು ನಾಲ್ಕೈದು ಜನ ಓದುವ ಹುಚ್ಚಿನವರು ಒಂದೇ ಬೋಗಿಯಲ್ಲಿ ಕೂತು ಅವರವರ ಪುಸ್ತಕ ಬಿಡಿಸಿಕೊಂಡು ತೂಕಡಿಸುದು, ಅಷ್ಟೇ. ಒಂದು ಜೂನ್ ತಿಂಗಳು ಜೋರು ಮಳೆ, ಕಿಟಕಿ ಎಲ್ಲ ಇಳಿಸಿ ಒಳಗೆ ಕತ್ತಲೆ, ಅಕ್ಷರ ಕಾಣುದಿಲ್ಲ, ಆಗ ಮೆಡಿಕಲ್ ಶಾಪಲ್ಲಿ ಕೆಲಸ ಮಾಡುವ ಉಪ್ಪಳದ ಹುಡುಗ, ಸಿನಿಮಾ ಹಾಡಿನ ಅಂತ್ಯಾಕ್ಷರಿ ಎಲ್ಲರೂ ಆಡ್ತಾರೆ, ನಾವು ಪುಸ್ತಕದ ಹೆಸರಲ್ಲಿ ಆಡುವ ಅಂದ. ಭಾರೀ ಸುಲಭ ಅಂತ ಕಂಡಿತು. ಆರಂಭಕ್ಕೆ ಅವನೇ ‘ಮೂಕಜ್ಜಿಯ ಕನಸುಗಳು’ ಅಂದ.

ಳು. ಆಯ್ತು, ಆಟ ಅಲ್ಲಿಗೇ ಮುಗೀತು. ಳ ದಲ್ಲಿ ಶುರುವಾಗುವ ಪುಸ್ತಕ ಎಲ್ಲಿಂದ ತರುದು, ಕನ್ನಡದಲ್ಲಿ ಳ ದಿಂದ ಶುರುವಾಗುವ ಶಬ್ದವೇ ಇಲ್ಲವಲ್ಲ ಮಾರಾಯ್ರೆ.

ಈ ಆಟದ ಒಟ್ಟು ಕತೆಯೇ ಇದು. ಯಾರು ಎಷ್ಟು ಓದಿದ್ದಾರೆ ಅನ್ನುದು ಆಮೇಲಿನ ಮಾತು, ಮೊದಲು ಬಾಲದ ಅಕ್ಷರಕ್ಕೆ ಒಂದು ಕಾನೂನು ಮಾಡ್ಬೇಕು. ಕನ್ನಡದ ಪುಸ್ತಕಕ್ಕೆ ಹೆಸರಿಡುವವರಿಗೆ ಬಹುವಚನ ಅಂದ್ರೆ ಎಂತ ಪ್ರೀತಿ ಅಂತ ನಂಗೆ ಆ ವಾರವೇ ಗೊತ್ತಾದದ್ದು. ಕ್ರೌಂಚ ಪಕ್ಷಿಗಳು, ಮೂರು ದಾರಿಗಳು, ವಜ್ರಗಳು, ಮುಖವಾಡಗಳು, ಭುಜಂಗಯ್ಯನ ದಶಾವತಾರಗಳು, ಕಿರಗೂರಿನ ಗಯ್ಯಾಳಿಗಳು. ಬಹುವಚನ ಅಲ್ಲದಿದ್ರೆ ‘ಅಲ್ಲಿ’: ಮೈಮನಗಳ ಸುಳಿಯಲ್ಲಿ, ನೆನಪಿನ ದೋಣಿಯಲ್ಲಿ, ಚಂದ್ರಗಿರಿಯ ತೀರದಲ್ಲಿ. ಳ ವನ್ನು ಲ ಅಂತ ಹಿಡಿದ್ರೂ ಎಲ್ಲ ದಾರಿ ಬಂದು ಲ ದಲ್ಲೇ ನಿಲ್ಲುದು. ಜಪಾನಿನಲ್ಲಿ ಶಿರಿತೋರಿ ಅಂತ ಇದೇ ತರದ ಶಬ್ದದ ಆಟ ಉಂಟು, ಅಲ್ಲಿ ‘ನ್’ ನಲ್ಲಿ ಮುಗಿಯುವ ಶಬ್ದ ಹೇಳಿದವ ಔಟ್, ಯಾಕಂದ್ರೆ ಅವರಲ್ಲಿ ಆ ಅಕ್ಷರದಿಂದ ಶಬ್ದ ಶುರುವಾಗುದಿಲ್ಲ. ನಾವೂ ಹಾಗೆ ಮಾಡುವ, ಳ ಹೇಳಿದವ ಔಟ್ ಅಂತ ನಮ್ಮಲ್ಲಿ ಬ್ಯಾಂಕಲ್ಲಿ ಕೆಲಸ ಮಾಡುವ ಒಬ್ರು (ನಾವು ಬ್ಯಾಂಕಿನವರು ಅಂತ ಹೇಳುದು) ಹೇಳಿದ್ರು. ಆದ್ರೆ ಕಾರಂತರನ್ನು, ವೈದೇಹಿಯವರನ್ನು, ಸಾರಾ ಅಬೂಬಕ್ಕರ್‌ರನ್ನು ಹೊರಗೆ ಇಟ್ಟು ಎಂತ ಕನ್ನಡ ಆಟ ಅದು? ಕಾಸರಗೋಡಿನವರಾಗಿ ನಮ್ಮೂರ ಹೊಳೆ ಚಂದ್ರಗಿರಿಯನ್ನೇ ದಾಟಿಸದಿದ್ರೆ ಹೇಗೆ?

ಹಾಗಾಗಿ ಮೊದಲ ಮೂರು ತಿಂಗಳು ಳ ಅಂದ್ರೆ ಲ, ಣ ಅಂದ್ರೆ ನ, ಡ ಅಂದ್ರೆ ದ ಅಂತ ಆಡಿದೆವು. ಅದರಲ್ಲಿ ನನ್ನ ಮಾನ ಹೋದ ಕತೆ ಒಂದುಂಟು.

ಟೈಮಿಗೆ ನಾವು ವಾಚ್ ನೋಡುದಲ್ಲ, ಹಳಿಯ ಬದಿಯ ಕರೆಂಟ್ ಕಂಬ ಎಣಿಸುದು. ಇಪ್ಪತ್ತು ಕಂಬ ದಾಟುವುದರೊಳಗೆ ಪುಸ್ತಕ ಹೇಳ್ಬೇಕು. ಟ್ರೈನು ಸ್ಪೀಡಲ್ಲಿದ್ರೆ ಒಂದು ನಿಮಿಷವೂ ಸಿಕ್ಕುದಿಲ್ಲ, ಸ್ಟೇಶನ್ ಹತ್ತಿರ ನಿಧಾನ ಆದಾಗ ಬೇಕಾದಷ್ಟು ಪುರುಸೊತ್ತು, ಅದಕ್ಕೆ ಪಳಗಿದವರು ಕಷ್ಟದ ಅಕ್ಷರವನ್ನು ಎದುರಿನವರಿಗೆ ಕೊಡುದು ಕುಂಬಳೆ ಬಿಟ್ಟು ಟ್ರೈನು ಓಟ ಹಿಡಿದ ಮೇಲೆಯೇ. ಆ ದಿನ ಟೀಚರ್ (ಕುಂಬಳೆಯಲ್ಲಿ ಹತ್ತುವವರು, ಎಲ್ಲರೂ ಟೀಚರ್ ಅಂತಲೇ ಹೇಳುದು) ನಂಗೆ ‘ಕ್ರೌಂಚ ಪಕ್ಷಿಗಳು’ ಕೊಟ್ರು. ಲ ಬೇಕು. ಕಂಬ ಹದಿನೈದು, ಹದಿನಾರು, ಹುಡುಗ ಜೋರಾಗಿ ಎಣಿಸ್ತಾ ಇದ್ದಾನೆ, ನನ್ನ ಮಂಡೆ ಪೂರ ಖಾಲಿ, ಬಾಯಿಗೆ ಬಂದದ್ದು ‘ಲಂಗರಿಲ್ಲದ ದೋಣಿ’. ಯಾರದ್ದು ಅಂತ ಕೇಳಿದ್ರು. ನಮ್ಮ ಕಡೆಯ ಹಳಬರೊಬ್ಬರದ್ದು, ಹೆಸರು ಈಗ ನೆನಪಿಗೆ ಬರ್ತಾ ಇಲ್ಲ, ತೆಳು ಕವನ ಸಂಕಲನ, ನೀಲಿ ಕವರ್ ಅಂದೆ. ನೀಲಿ ಕವರ್ ಅಂತ ಯಾಕೆ ಹೇಳಿದೆನೋ ದೇವರಿಗೇ ಗೊತ್ತು. ಟೀಚರ್ “ಓ ಹೌದಾ” ಅಂತ ಹೇಳಿ ನೋಟ್‌ಬುಕ್ಕಲ್ಲಿ ಬರ್ಕೊಂಡ್ರು. ನಾನು ಬಚಾವ್ ಅಂತ ಉಸಿರು ಬಿಟ್ಟೆ.

ಮುಂದಿನ ಸೋಮವಾರ ಅವರು ಕೂತದ್ದೇ, “ಎರಡು ಲೈಬ್ರರಿಯಲ್ಲಿ ಕೇಳಿದೆ, ಸಿಗ್ಲಿಲ್ಲ, ನಿಮ್ಮಲ್ಲಿದ್ರೆ ಒಮ್ಮೆ ಕೊಡ್ತೀರಾ?” ಅಂದ್ರು. ಮನೆಯಲ್ಲಿ ಅಟ್ಟದ ಮೇಲೆ ಉಂಟು, ಹುಡುಕ್ಬೇಕು ಅಂದೆ. ಅದರ ಮುಂದಿನ ಸೋಮವಾರ ಪುನಃ. ಮೂರನೇ ವಾರ, ಗೆದ್ದಲು ತಿಂದಿತು ಅಂತ ಹೇಳುದೋ ಯಾರಿಗೋ ಕೊಟ್ಟೆ ಅಂತ ಹೇಳುದೋ ಅಂತ ರಾತ್ರಿ ಎಲ್ಲ ಯೋಚನೆ ಮಾಡಿ, ಕೊನೆಗೆ ಮಂಜೇಶ್ವರಕ್ಕೂ ಉಳ್ಳಾಲಕ್ಕೂ ಮಧ್ಯೆ ಒಪ್ಪಿಕೊಂಡೆ. ಅಂತಾ ಪುಸ್ತಕ ಇಲ್ಲ ಟೀಚರ್, ನಾನೇ ಕಟ್ಟಿದ್ದು. ಹುಡುಗ ನೆಗಾಡಿದ ನೆಗಾಡಿಕೆಗೆ ಆ ಬದಿಯ ಸೀಟಲ್ಲಿ ನಿದ್ದೆ ಮಾಡ್ತಿದ್ದವರು ಎದ್ದು ಕೂತ್ರು. ಟೀಚರ್ ಮಾತ್ರ ಕೆಂಪು ಪೆನ್ನು ತೆಗೆದು ಆ ಗೆರೆಯ ಮೇಲೆ ಒಂದು ಕಾಟು ಹಾಕಿ, “ಮೊದಲ ದಿನವೇ ಗೊತ್ತಿತ್ತು, ನೀವು ಎಷ್ಟು ವಾರ ತಗೊಳ್ತೀರಿ ಅಂತ ನೋಡಿದ್ದು” ಅಂದ್ರು.

ಅದರ ಮೇಲೆ ಬಂದದ್ದು ಬ್ಯಾಗಿನ ಕಾನೂನು. ಯಾರಿಗಾದ್ರೂ ಡೌಟ್ ಬಂದ್ರೆ ಕೇಳಬಹುದು, ಹೇಳಿದವ ಒಂದು ವಾರದೊಳಗೆ ಪುಸ್ತಕವನ್ನು ಬ್ಯಾಗಲ್ಲಿ ಹಾಕಿ ತರ್ಬೇಕು, ಸ್ವಂತದ್ದೋ ಲೈಬ್ರರಿಯದ್ದೋ ಅಡ್ಡಿಯಿಲ್ಲ. ತರ್ಲಿಕ್ಕೆ ಆಗದಿದ್ರೆ ಹದಿನೈದು ದಿನ ಕಿಟಕಿ ಸೀಟು ಇಲ್ಲ. ದಂಡ ಸಣ್ಣದು ಅಂತ ಕಾಣಬಹುದು, ಆದ್ರೆ ಈ ಕಾನೂನು ಬಂದ ಮೇಲೆ ನಮ್ಮ ಬೋಗಿಯಲ್ಲಿ ಪುಸ್ತಕಗಳ ಸಂಖ್ಯೆ ಅರ್ಧಕ್ಕೆ ಇಳಿದಿದೆ ಅಂದ್ರೆ ನಂಬ್ತೀರಾ. ಎಲ್ಲರೂ ಓದಿದ್ದೇವೆ ಅಂತ ಹೇಳ್ಕೊಂಡು ತಿರುಗ್ತಿದ್ದದ್ದರಲ್ಲಿ ಅರ್ಧ ಹೆಸರು ಕೇಳಿದ್ದು ಮಾತ್ರ. ನಾನು ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಅಂತ ಬೇಕಾದಷ್ಟು ಸಲ ಹೇಳಿದವ, ದಿನಾ ಮಂಜೇಶ್ವರ ದಾಟುವವ, ಓದಿದ್ದು ಬ್ಯಾಗಲ್ಲಿ ತರ್ಬೇಕಾದ ವಾರ.

ಲ ದ ಸಮಸ್ಯೆಗೆ ದಾರಿ ಹೇಳಿದ್ದೂ ಟೀಚರೇ. ಲ, ಳ ಬಂದ್ರೆ ಒಂದು ಅಕ್ಷರ ಹಿಂದೆ ಹೋಗಿ. ಕನಸುಗಳು ಅಂದ್ರೆ ಗ. ತೀರದಲ್ಲಿ ಅಂದ್ರೆ ದ. ಸುಳಿಯಲ್ಲಿ ಅಂದ್ರೆ ಯ. ಹಿಂದೆಯೂ ಳ ಇದ್ರೆ ಇನ್ನೂ ಒಂದು ಹಿಂದೆ, ‘ಔದಾರ್ಯದ ಉರುಳಲ್ಲಿ’ ಆಗ ರ ಆಗ್ತದೆ. ಇಷ್ಟು ಸರಳ ವಿಷಯ ನಮ್ಮ ಮಂಡೆಗೆ ಮೂರು ತಿಂಗಳು ಹೊಳೀಲಿಲ್ಲ. ಹಾಗಂತ ಟೀಚರಿಗೆ ಲ ಕಷ್ಟ ಇತ್ತು ಅಂತಲ್ಲ, ಅವರು ಎಂಎಗೆ ಓದಿದ್ದು ಕನ್ನಡವೇ, ನೇಮಿಚಂದ್ರನ ‘ಲೀಲಾವತಿ’ ಅಂತ ಹನ್ನೆರಡನೇ ಶತಮಾನದ ಚಂಪೂವನ್ನೇ ತೆಗೆದು ಬಿಸಾಡುವವರು. ಲ ಬೇಕಾದವನಿಗೆ ‘ಲೀಲಾವತಿ’ಗಿಂತ ‘ಲಂಗರಿಲ್ಲದ ದೋಣಿ’ ಮೊದಲು ನೆನಪಾದದ್ದು ನನ್ನ ಯೋಗ್ಯತೆ.

ಒತ್ತಕ್ಷರಕ್ಕೆ ಜಗಳವೇ ಆಯ್ತು. ‘ಚಿದಂಬರ ರಹಸ್ಯ’ಕ್ಕೆ ಸ ನೋ ಯ ನೋ? ‘ಧರ್ಮಶ್ರೀ’ಗೆ ಶ ನೋ ರ ನೋ? ಬ್ಯಾಂಕಿನವರು ಮೊದಲ ವ್ಯಂಜನ ಅಂದ್ರು, ನಾನು ಕೊನೆಯದ್ದು ಅಂದೆ, ಬೊಬ್ಬೆ ಹೊಡೆದು ಹೊಡೆದು ಉಳ್ಳಾಲ ಬಂತು. ಕೊನೆಗೆ ನಾನು ಹೇಳಿದ್ದೇ ನಿಂತಿತು, ಯಾಕಂದ್ರೆ ‘ಪರ್ವ’ದಲ್ಲಿ ರ ಹಿಡಿದ್ರೆ ಕೇಳ್ಲಿಕ್ಕೇ ವಿಚಿತ್ರ. ಮಹಾಪ್ರಾಣಕ್ಕೆ ಅಲ್ಪಪ್ರಾಣ ಸಾಕು, ಪ ಬಂದ್ರೆ ‘ಫಣಿಯಮ್ಮ’ ಹೇಳಬಹುದು, ಗೊಲ್ಗೊಥಾ ತ ಆಗ್ತದೆ. ಶ ಷ ಒಂದೇ, ಹಾಗಾಗಿ ‘ವಂಶವೃಕ್ಷ’ದ ಮೇಲೆ ‘ಶಿಕಾರಿ’ ಕೂರ್ತದೆ. ಒಬ್ಬರೇ ಲೇಖಕರದ್ದು ಬೆನ್ನುಬೆನ್ನಿಗೆ ಬರಬಾರದು, ‘ಗಂಗಾವತರಣ’ದ ಮೇಲೆ ‘ನಾಕುತಂತಿ’ ಆಗುದಿಲ್ಲ, ಬೇಂದ್ರೆ ಮೇಲೆ ಬೇಂದ್ರೆ.

ಆದ್ರೆ ನಂಗೆ ತುಂಬಾ ಇಷ್ಟವಾದ ಸಂಗತಿ ಬೇರೆ. ಆರು ತಿಂಗಳ ನೋಟ್‌ಬುಕ್ ತಿರುವಿ ನೋಡುವಾಗ ಗೊತ್ತಾಯ್ತು, ಸ್ವರದಿಂದ ಶುರುವಾಗುವ ಪುಸ್ತಕಗಳು ಒಂದೂ ಬರ್ಲಿಲ್ಲ! ಅವಸ್ಥೆ, ಆವರಣ, ಒಡಲಾಳ, ಉಯ್ಯಾಲೆ, ಐರಾವತ, ಇಂದಿರಾಬಾಯಿ ಎಲ್ಲ ಸ್ಟೇಶನಲ್ಲೇ ಬಾಕಿ. ಕನ್ನಡದಲ್ಲಿ ಹೆಸರಿನ ಕೊನೆಗೆ ಬರುದು ಡಿ, ತಿ, ವ, ಟು ಅಂತ, ಖಾಲಿ ಅ ಆ ಇ ಉ ಬರುದಿಲ್ಲ, ಮತ್ತೆ ಅವುಗಳ ಪಾಳಿ ಬರುದು ಹೇಗೆ? ಪಾಪ ಅಂತ ಕಂಡಿತು. ಅದಕ್ಕೆ ಸ್ವರದ ಟಿಕೆಟ್ ಮಾಡಿದೆವು. ಒಬ್ಬರಿಗೆ ಒಂದು ಪ್ರಯಾಣದಲ್ಲಿ ಒಂದೇ ಸಲ ವ್ಯಂಜನ ಬಿಟ್ಟು ಅದರೊಳಗಿನ ಸ್ವರ ಹಿಡಿಯಬಹುದು. ‘ಪರ್ವ’ಕ್ಕೆ ಅ, ‘ಅವಸ್ಥೆ’. ‘ಚೋಮನ ದುಡಿ’ಗೆ ಇ, ‘ಇಂದಿರಾಬಾಯಿ’, ಗುಲ್ವಾಡಿಯವರದ್ದು, 1899ರದ್ದು. ಟೀಚರ್ ಹಳೇ ರೈಲ್ವೆ ಟಿಕೆಟ್ ಸೈಜಿಗೆ ರಟ್ಟು ಕತ್ತರಿಸಿ ತಂದ್ರು, ಉಪಯೋಗಿಸಿದ್ರೆ ಮೂಲೆ ಹರಿಯುದು.

ರಿಟರ್ನ್ ಟಿಕೆಟ್ ಅಂತ ಇನ್ನೊಂದುಂಟು, ಅದು ಕಾನೂನಲ್ಲ, ಆಯುಧ. ಯಾವ ಅಕ್ಷರದಲ್ಲಿ ಶುರುವೋ ಅದರಲ್ಲೇ ಮುಗಿಯುವ ಹೆಸರು. ಗೃಹಭಂಗ, ಗ ಕ್ಕೆ ಗ. ರಂಗಮ್ಮನ ವಠಾರ, ರ ಕ್ಕೆ ರ. ಎಲ್ಲಕ್ಕಿಂತ ವಿಷ ಕೈಲಾಸಂ ಅವರ ‘ಟೊಳ್ಳುಗಟ್ಟಿ’. ಯಾರೋ ‘ದಾಟು’ ಅಂತ ಹೇಳಿ ನಿಮ್ಮನ್ನು ಟ ದಲ್ಲಿ ಸಿಕ್ಕಿಸಿದ್ರು ಅಂತ ಇಟ್ಕೊಳ್ಳಿ, ನೀವು ಟೊಳ್ಳುಗಟ್ಟಿ ಅಂದ್ರಾಯ್ತು, ಆ ಟ ಹಾಗೇ ತಿರುಗಿ ಹೋಗ್ತದೆ, ಇನ್ನೊಂದು ಟ ನಮ್ಮ ಬೋಗಿಯಲ್ಲಿ ಯಾರ ಹತ್ರವೂ ಇಲ್ಲ. ಒಂದು ಪ್ರಯಾಣದಲ್ಲಿ ಒಂದು ಪುಸ್ತಕ ಒಂದೇ ಸಲ, ಹಾಗಾಗಿ ಟೊಳ್ಳುಗಟ್ಟಿ ಖರ್ಚಾಯ್ತಾ ಇಲ್ವಾ ಅಂತ ಎಲ್ಲರಿಗೂ ಒಂದು ಕಣ್ಣು ನೋಟ್‌ಬುಕ್ ಮೇಲೆ.

ಊರಿನ ಬೋನಸ್ ಬಗ್ಗೆ ಹೇಳದಿದ್ರೆ ತಪ್ಪಾಗ್ತದೆ. ನಮ್ಮ ಜಿಲ್ಲೆಯವರ ಪುಸ್ತಕ ಹೇಳಿದ್ರೆ ಮುಂದಿನ ಪಾಳಿಗೆ ಐದು ಕಂಬ ಹೆಚ್ಚು. ಗೋವಿಂದ ಪೈಗಳ ‘ಗಿಳಿವಿಂಡು’, ಕಯ್ಯಾರರ ‘ದುಡಿತವೆ ನನ್ನ ದೇವರು’, ತಿರುಮಲೇಶರ ‘ಅಕ್ಷಯ ಕಾವ್ಯ’, ಸಾರಾ ಅವರದ್ದು. ಒಂದು ದಿನ ನಾನು ನಮ್ಮ ಜಿಲ್ಲೆಯ ಕಯ್ಯೂರಿನ ರೈತ ಹೋರಾಟದ ಕಾದಂಬರಿ ‘ಚಿರಸ್ಮರಣೆ’ ಹೇಳಿ ಬೋನಸ್ ಕೇಳಿದೆ. ಆಗುದಿಲ್ಲ, ನಿರಂಜನ ನಮ್ಮ ಜಿಲ್ಲೆಯವರಲ್ಲ ಅಂತ ಬ್ಯಾಂಕಿನವರು. ಆ ಬದಿಯಲ್ಲಿ ಕೂತಿದ್ದ ಕಾಞಂಗಾಡಿನ ಮಲಯಾಳಿ ಒಬ್ರು, ದಿನಾ ಕೇಳಿಸ್ಕೊಳ್ತಾ ಇದ್ದವರು, ಅದುವರೆಗೆ ಒಂದು ಮಾತಾಡಿದವರಲ್ಲ, ತಿರುಗಿ ಕೂತು ಅದು ನಮ್ಮ ಪುಸ್ತಕ ಅಂದ್ರು. ಅವರು ಓದಿದ್ದು ಮಲಯಾಳದಲ್ಲಿ, ಹುಡುಗನಾಗಿದ್ದಾಗ, ಮೂಲವೇ ಮಲಯಾಳ ಅಂತ ಇಷ್ಟು ವರ್ಷ ನಂಬಿದ್ದವರು. ಕಯ್ಯೂರಿನ ನಾಲ್ಕು ಜನರನ್ನು ಗಲ್ಲಿಗೆ ಹಾಕಿದ್ದು 1943ರ ಮಾರ್ಚ್ 29ಕ್ಕೆ, ನಿರಂಜನರ ಕಾದಂಬರಿ 1955ರದ್ದು, ಕನ್ನಡದಲ್ಲೇ ಬರೆದದ್ದು ಅಂತ ಟೀಚರ್ ಹೇಳಿದಾಗ ಅವರು ಸ್ವಲ್ಪ ಹೊತ್ತು ಎಂತದೂ ಹೇಳ್ಲಿಲ್ಲ. ಆಮೇಲೆ, ಬೋನಸ್ ಕೊಡಿ, ಲೇಖಕ ಎಲ್ಲಿಯವನಾದ್ರೂ ಕಯ್ಯೂರು ನಮ್ಮದಲ್ವಾ ಅಂದ್ರು. ಕೊಟ್ರು. ಮರುದಿನದಿಂದ ಅವರೂ ಆಟಕ್ಕೆ.

ಅವರು ಬಂದದ್ದು ನಮಗೆ ದೊಡ್ಡ ಉಪಕಾರ. ಮಲಯಾಳದ ಹೆಸರುಗಳಿಗೆ ಬಾಲದಲ್ಲಿ ಅಂ ಜಾಸ್ತಿ, ರಂಡಾಮೂಳಂ, ಆಡುಜೀವಿತಂ, ಅಂದ್ರೆ ಮ, ಮ ಅಂದ್ರೆ ನಮಗೆ ಹಬ್ಬ: ಮರಳಿ ಮಣ್ಣಿಗೆ, ಮಂದ್ರ, ಮಾಯಾಲೋಕ, ಮೈಸೂರು ಮಲ್ಲಿಗೆ.

ಇನ್ನು ಗೆಲ್ಲುದು ಯಾರು ಅಂತ ಕೇಳಿದ್ರೆ ಟೀಚರೇ. ನಾವು ಗಂಡಸರು ಕಾರಂತ, ಭೈರಪ್ಪ, ತೇಜಸ್ವಿ ಅಂತ ಒಂದೇ ಗದ್ದೆಯಲ್ಲಿ ಉಳುತ್ತಾ ಇರುವಾಗ ಅವರು ತ್ರಿವೇಣಿಯವರನ್ನು ತೆಗೀತಾರೆ, ಶರಪಂಜರ, ಬೆಕ್ಕಿನ ಕಣ್ಣು, ಹಣ್ಣೆಲೆ ಚಿಗುರಿದಾಗ, ಬೆಳ್ಳಿಮೋಡ. ಅದೆಲ್ಲ ಹೆಂಗಸರ ಕಾದಂಬರಿ ಅಂತ ಬಿಟ್ಟವ ನಾನು. ಆಟ ಸೋತು ಕಿಟಕಿ ಸೀಟು ಎಷ್ಟು ಸಲ ಹೋಯ್ತು ಅಂತ ಲೆಕ್ಕ ಬರೆಯುವವನಾಗಿಯೂ ಬರೆದಿಟ್ಟಿಲ್ಲ.

ನಿನ್ನೆಯದ್ದೇ ಹೇಳ್ತೇನೆ, ಎರಡನೇ ಸುತ್ತು. ಮಂಜೇಶ್ವರ ಬಿಡುವಾಗ ಬ್ಯಾಂಕಿನವರು ‘ಅವಸ್ಥೆ’ ಅಂತ ಶುರು ಮಾಡಿದ್ರು. ತ ಕ್ಕೆ ಹುಡುಗ ‘ತಬ್ಬಲಿಯು ನೀನಾದೆ ಮಗನೆ’. ನ ಕ್ಕೆ ನಾನು ‘ನಾಗಮಂಡಲ’, ಲ ಬಂತು, ಹಿಂದೆ ಹೋದ್ರೆ ಡ, ಅಂದ್ರೆ ದ. ಟೀಚರ್ ‘ದುರ್ಗಾಸ್ತಮಾನ’. ಬ್ಯಾಂಕಿನವರು ‘ನಾಯಿ ನೆರಳು’, ಹಿಂದೆ ಹೋದ್ರೆ ರ. ಹುಡುಗ ‘ರಂಗಮ್ಮನ ವಠಾರ’, ರಿಟರ್ನ್ ಟಿಕೆಟ್ ಹೊಡೆದ ಅಂತ ಅವನಿಗೇ ಖುಷಿ. ನಾನು ಮುದ್ದಣನ ‘ರಾಮಾಶ್ವಮೇಧ’ ಹೇಳಿ ದೊಡ್ಡ ಪಂಡಿತನ ಹಾಗೆ ಕೂತೆ. ದ ಹೋದದ್ದು ಟೀಚರ ಹತ್ರ. ಅವರು ಹೊರಗೆ ಕಂಬ ನೋಡ್ತಾ ನೋಡ್ತಾ ಮೆಲ್ಲ ‘ದಾಟು’ ಅಂದ್ರು. ಬ್ಯಾಂಕಿನವರು ಸ್ವರದ ಟಿಕೆಟ್ ಹರಿದು ‘ಉಯ್ಯಾಲೆ’ ಅಂದ್ರೆ ಲ, ಹಿಂದೆ ಹೋದ್ರೆ ಯ, ಹುಡುಗ ‘ಯಯಾತಿ’, ನನಗೆ ತ, ‘ತಲೆದಂಡ’ ಅಂತ ಬಾಯಿ ತೆರೆದವ ಕಾರ್ನಾಡರ ಮೇಲೆ ಕಾರ್ನಾಡ ಆಗುದಿಲ್ಲ ಅಂತ ನೆನಪಾಗಿ ನುಂಗಿದೆ. ಸ್ವರದ ಟಿಕೆಟ್ ಮೊದಲ ಸುತ್ತಲ್ಲಿ ಕುಂಬಳೆಯಲ್ಲೇ ಹರಿದಾಗಿತ್ತು. ತ, ತ, ತ. ಹೇಳ್ಲಿಕ್ಕೆ ಬೇಕಾದಷ್ಟುಂಟು, ಈಗ ಬರೆಯುವಾಗ ತುಂಬಾ ನೆನಪಾಗ್ತದೆ, ತುಘಲಕ್ ಅಂತ ನಾಲಗೆ ತುದಿಗೆ ಬಂದದ್ದೂ ಕಾರ್ನಾಡರದ್ದೇ. ಉಳ್ಳಾಲ ಹೋಯ್ತು, ಕಂಬ ಹದಿನೆಂಟು, ಹತ್ತೊಂಬತ್ತು, ಟ್ರೈನು ಸೇತುವೆ ಹತ್ತಿತು, ಹುಡುಗ ಇಪ್ಪತ್ತು ಅಂದ. ನಾನು ಬ್ಯಾಗ್ ಎತ್ಕೊಂಡು ಕಿಟಕಿ ಬದಿಯಿಂದ ಎದ್ದೆ, ಟೀಚರ್ ಕೂತ್ರು.