ದಿವಾಳಿ ಅರ್ಜಿ ಮತ್ತು ನನ್ನ ಸೆಕ್ಯುರಿಟಿ ಕ್ಲಿಯರೆನ್ಸ್

ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಸರ್ಕಾರದ ರಹಸ್ಯ ಮಾಹಿತಿ ನೋಡಲು ಬೇಕಾದ ಅನುಮತಿ, ಪಡೆಯಲು ಅಮೆರಿಕದಲ್ಲಿ ತುಂಬಬೇಕಾದ ಎಸ್‌ಎಫ್-86 ನಮೂನೆಯ 26ನೇ ವಿಭಾಗಕ್ಕೆ ಬಂದಾಗ ನನ್ನ ಕೈ ನಿಂತಿತು. ಕಳೆದ ಏಳು ವರ್ಷಗಳಲ್ಲಿ ದಿವಾಳಿ ಅರ್ಜಿ ಸಲ್ಲಿಸಿದ್ದೀರಾ? ಯಾವುದಾದರೂ ಸಾಲ 120 ದಿನ ಮೀರಿ ಬಾಕಿ ಉಳಿದಿತ್ತೇ? ಎರಡಕ್ಕೂ ನನ್ನ ಉತ್ತರ ‘ಹೌದು’.

ನಾನು ಮೈಸೂರಿನವನು, ಅಮೆರಿಕದ ಪೌರತ್ವ ಪಡೆದು ವರ್ಜೀನಿಯಾದಲ್ಲಿ ರಕ್ಷಣಾ ಗುತ್ತಿಗೆಯ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದೇನೆ. ‘ಸೀಕ್ರೆಟ್’ ದರ್ಜೆಯ ಕ್ಲಿಯರೆನ್ಸ್ ಇಲ್ಲದೆ ನನ್ನ ಕೆಲಸವನ್ನು ಮುಟ್ಟುವಂತಿರಲಿಲ್ಲ. ಸಾಲ ಬೆಳೆದದ್ದು ಒಂದೇ ಚಳಿಗಾಲದಲ್ಲಿ. ಹಿಂದಿನ ಕೆಲಸ ಹೋಯಿತು, ಅದರ ಬೆನ್ನಿಗೆ ಆರೋಗ್ಯ ವಿಮೆಯೂ ಹೋಯಿತು, ಆಗಲೇ ಹೆಂಡತಿಗೆ ಶಸ್ತ್ರಚಿಕಿತ್ಸೆ. ಆಸ್ಪತ್ರೆಯ ಬಿಲ್ಲು, ನಾಲ್ಕು ಕ್ರೆಡಿಟ್ ಕಾರ್ಡು ಸೇರಿ 61 ಸಾವಿರ ಡಾಲರ್. ಹೊಸ ಕೆಲಸ ಸಿಕ್ಕಿದ ಮೇಲೆ ಅಮೆರಿಕದ ದಿವಾಳಿ ಕಾನೂನಿನ ಚಾಪ್ಟರ್ 13ರಡಿ ಅರ್ಜಿ ಹಾಕಿದೆ. ಚಾಪ್ಟರ್ 7ರಲ್ಲಿ ಬಹುಪಾಲು ಸಾಲ ಮನ್ನಾ ಆಗುತ್ತದೆ. 13ರಲ್ಲಿ ಸಂಬಳದಿಂದ ಮೂರರಿಂದ ಐದು ವರ್ಷ, ಸಾಲ ಕೊಟ್ಟವರಿಗೆ ಹಣ ಹಂಚುವ ಟ್ರಸ್ಟಿಗೆ ಕಂತು ಕಟ್ಟಬೇಕು. ನನ್ನದು ಐದು ವರ್ಷ.

ನಮ್ಮ ಮನೆಯಲ್ಲಿ ‘ದಿವಾಳಿ’ ಎಂಬುದು ಬೈಗುಳ. ಅಮ್ಮನಿಗೆ ಇಂದಿಗೂ ಹೇಳಿಲ್ಲ. ಅಂಥದ್ದನ್ನು ಸರ್ಕಾರದ ಕಾಗದದಲ್ಲಿ ಬರೆಯುವುದೇ? “ಬರೆಯಿರಿ, ಅವರಿಗೆ ತಿಳಿಯದ್ದು ಏನಿದೆ?” ಎಂದಳು ಹೆಂಡತಿ. ನಿಜ, ಕ್ರೆಡಿಟ್ ವರದಿಯನ್ನು ಅವರು ತರಿಸಿಯೇ ತರಿಸುತ್ತಾರೆ. ಬೇಕೆಂದೇ ಸುಳ್ಳು ಬರೆದರೆ ಅದು ಬೇರೆಯೇ ಅಪರಾಧ, ಐದು ವರ್ಷದವರೆಗೆ ಜೈಲು.

ವಿದೇಶದಲ್ಲಿ ಬಂಧುಗಳಿದ್ದಾರೆ ಎಂಬ ಕಾರಣಕ್ಕೆ ಊರಿನಲ್ಲಿರುವ ಅಮ್ಮ, ಅಕ್ಕಂದಿರ ವಿಚಾರವೇ ದೊಡ್ಡ ತೊಡಕಾದೀತು ಎಂದುಕೊಂಡಿದ್ದೆ. ತನಿಖಾಧಿಕಾರಿ ಅದನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು. ಸಾಲಕ್ಕೆ ಎರಡು ಗಂಟೆ ಹಿಡಿಯಿತು. ಮೊದಲು ಕೋಪ ಬಂದಿತ್ತು. ಆದರೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1985ರಲ್ಲಿ ಸೋವಿಯತ್ತರಿಗೆ ಗುಟ್ಟು ಮಾರತೊಡಗಿದ್ದು ಸಾಲದ ಒತ್ತಡದಲ್ಲಿ ಎಂಬುದು ನೆನಪಾದಾಗ ಅವರ ಭಯಕ್ಕೂ ಕಾರಣವಿದೆ ಅನ್ನಿಸಿತು.

ಕೆಲವು ತಿಂಗಳ ಮೇಲೆ ‘ಸ್ಟೇಟ್‌ಮೆಂಟ್ ಆಫ್ ರೀಸನ್ಸ್’ ಬಂತು. ಕ್ಲಿಯರೆನ್ಸ್ ಏಕೆ ಕೊಡಲಾಗದು ಎಂಬ ಪಟ್ಟಿ ಅದು. ಗೈಡ್‌ಲೈನ್ ಎಫ್, ಅಂದರೆ ಹಣಕಾಸಿನ ವಿಚಾರ. ಒಂದೊಂದು ಸಾಲಕ್ಕೂ ಒಂದೊಂದು ಅಕ್ಷರ: 1.ಎ, 1.ಬಿ, 1.ಸಿ. ಪ್ರತಿಯೊಂದಕ್ಕೂ ‘ಒಪ್ಪುತ್ತೇನೆ’ ಅಥವಾ ‘ನಿರಾಕರಿಸುತ್ತೇನೆ’ ಎಂದು ಬರೆಯಬೇಕು, 20 ದಿನಗಳೊಳಗೆ. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅಳಲು ತೋಡಿಕೊಳ್ಳುವ ಮೂರು ಪುಟ ಬರೆದಿದ್ದೆ. ವಕೀಲರು ಅದನ್ನು ಅರ್ಧ ಪುಟಕ್ಕೆ ಇಳಿಸಿದರು. ಉಳಿದದ್ದೆಲ್ಲ ಕಾಗದ: ಕೆಲಸದಿಂದ ತೆಗೆದ ಪತ್ರ, ಆಸ್ಪತ್ರೆಯ ಬಿಲ್ಲು, ಅರ್ಜಿಗೆ ಮುನ್ನ ಕಡ್ಡಾಯವಾಗಿ ಪಡೆದ ಸಾಲ ಸಮಾಲೋಚನೆಯ ಪ್ರಮಾಣಪತ್ರ, ಟ್ರಸ್ಟಿಗೆ ಕಟ್ಟಿದ ಹದಿನಾಲ್ಕು ಕಂತುಗಳ ವಿವರ, ಮನೆಯ ಖರ್ಚಿನ ಲೆಕ್ಕ. ಕೈಮೀರಿದ ಕಾರಣದಿಂದ ಸಾಲವಾಯಿತೇ, ಆಮೇಲೆ ಹೊಣೆಗಾರಿಕೆಯಿಂದ ನಡೆದುಕೊಂಡೆನೇ ಎಂಬುದನ್ನು ಅವರು ನೋಡುತ್ತಾರೆ. ಮೊದಲನೆಯದು ಸುಲಭ. ಎರಡನೆಯದರಲ್ಲಿ ನಾನು ಎಡವಿದ್ದೆ: ಬಿಲ್ಲು ಬರತೊಡಗಿದ ಮೊದಲ ಐದು ತಿಂಗಳು ಲಕೋಟೆಗಳನ್ನು ಒಡೆಯದೆ ಡ್ರಾಯರಿಗೆ ತುರುಕಿದ್ದೆ. ಅದನ್ನೂ ಬರೆದೆ.

ಕ್ಲಿಯರೆನ್ಸ್ ಸಿಕ್ಕಿತು. ಈಗಲೂ ನಿಗಾ ಇದೆ. ಯಾವುದೇ ಸಾಲ 120 ದಿನ ದಾಟಿದರೆ ನಾನೇ ಹೋಗಿ ತಿಳಿಸಬೇಕು. ಟ್ರಸ್ಟಿಗೆ ಇನ್ನೂ ಹನ್ನೊಂದು ಕಂತು ಬಾಕಿ. ಹಳೆಯ ಕಾರನ್ನು ಯಾವಾಗ ಬದಲಿಸುತ್ತೀಯಾ ಎಂದು ಅಮ್ಮ ಫೋನಿನಲ್ಲಿ ಕೇಳುತ್ತಲೇ ಇರುತ್ತಾಳೆ.